ಶಿವಣ್ಣ ಬಿನ್ ರಾಮಣ್ಣ: ಹೆಸರು ಹುಡುಕುವ ಬಾಕ್ಸ್ ಸರಿಮಾಡುವ ಬಗೆ

ನಾನು ಮೈಸೂರಿನಲ್ಲಿ ಕೂತು ಮಂಡ್ಯ ಕಡೆಯ ಹಾಲಿನ ಡೇರಿಗಳಿಗೆ ಸದಸ್ಯರ ಪಟ್ಟಿಯ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಒಬ್ಬರೇ ಸದಸ್ಯರು ಪಾಸ್‌ಬುಕ್‌ನಲ್ಲಿ ‘ಎಂ. ಪುಟ್ಟಸ್ವಾಮಿ’, ಆಧಾರ್‌ನಲ್ಲಿ ‘ಪುಟ್ಟಸ್ವಾಮಿ ಎಂ’, ಪಹಣಿಯಲ್ಲಿ ‘ಪುಟ್ಟಸ್ವಾಮಿ ಬಿನ್ ಮರಿಯಪ್ಪ’ (ಬಿನ್ ಅಂದರೆ ಇಂಥವರ ಮಗ). ಕಾರ್ಯದರ್ಶಿ ಯಾವುದನ್ನು ಟೈಪ್ ಮಾಡಿದರೂ ಅವರೇ ಸಿಗಬೇಕು. ಇದಕ್ಕೆ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ನಲ್ಲಿ ಪದ ಹುಡುಕಿಕೊಡುವ ಭಾಗವಾದ ಎಫ್‌ಟಿಎಸ್5 ಸಾಕು. ದೊಡ್ಡ ಸರ್ವರ್ ಸುಮ್ನೆ ಖರ್ಚು.

ಮೊದಲು ಟೋಕನೈಸರ್, ಅಂದರೆ ಬರಹವನ್ನು ಪದಗಳಾಗಿ ಒಡೆಯುವ ಭಾಗ, ನೋಡಿ. ಅದರ ಡೀಫಾಲ್ಟ್ ಯೂನಿಕೋಡ್61 ನಮ್ಮ ಕಾಗುಣಿತದ ಗುರುತುಗಳನ್ನು ಅಕ್ಷರ ಅಂತ ಎಣಿಸುವುದಿಲ್ಲ, ಅಲ್ಲೇ ಪದ ಒಡೆಯುತ್ತದೆ. ‘ಗೌರಿ’ಯೂ ಗ, ರ, ‘ಗುರು’ವೂ ಗ, ರ. ಗೌರಮ್ಮನವರ ಮಗಳು ಗೌರಿಯನ್ನು ಹುಡುಕಿದರೆ ಗುರು ಬಂದು ನಿಲ್ಲುತ್ತಾನೆ! ಟೇಬಲ್ ಮಾಡುವಾಗಲೇ ಕೆಟಗರೀಸ್ ಆಪ್ಷನ್‌ನಲ್ಲಿ ಈಗಾಗಲೇ ಇರುವ ಎಲ್* (ಅಕ್ಷರ), ಎನ್* (ಅಂಕಿ), ಸಿಒ (ಖಾಸಗಿ ಬಳಕೆಯ ಸಂಕೇತ) ಜೊತೆಗೆ ಕಾಗುಣಿತದ ಗುರುತುಗಳ ವರ್ಗಗಳಾದ ಎಂಎನ್, ಎಂಸಿ ಸೇರಿಸಿ. ಟೇಬಲ್ ಆಗಲೇ ಇದ್ದರೆ ಅಳಿಸಿ ಹೊಸದಾಗಿ ಮಾಡಬೇಕು.

ಆಮೇಲೆ ಹೆಸರು, ತಂದೆ ಅಥವಾ ಗಂಡ, ಊರು ಅಂತ ಮೂರು ಕಾಲಂ ಇಡಿ. ಪದಗಳ ಮಧ್ಯೆ ಏನೂ ಹಾಕದಿದ್ದರೆ ಎಫ್‌ಟಿಎಸ್5 ‘ಎಲ್ಲವೂ ಇರಲಿ’ ಅಂತಲೇ ತಿಳಿಯುತ್ತದೆ. ಯಾವ ಪದ ಯಾವ ಕಾಲಂನಲ್ಲಿದ್ದರೂ, ಹಿಂದುಮುಂದಾಗಿದ್ದರೂ ಸಾಲು ಸಿಗುತ್ತದೆ. ಇಡೀ ಹೆಸರನ್ನು ಒಂದೇ ಉದ್ಧರಣ ಚಿಹ್ನೆಯೊಳಗೆ ಹಾಕಿದಿರೋ, ಕ್ರಮ ಕಟ್ಟುನಿಟ್ಟಾಗುತ್ತದೆ. ಅದು ಬೇಡ. ಒಂದೊಂದು ಪದಕ್ಕೂ ಬೇರೆ ಬೇರೆ ಚಿಹ್ನೆ ಹಾಕಿ. ಇನಿಷಿಯಲ್‌ನ ಚುಕ್ಕಿಯನ್ನು ನೀವೇ ತೆಗೆದು ಜಾಗ ಬಿಡಿ, ಚಿಹ್ನೆಯಿಲ್ಲದ ಪದದಲ್ಲಿ ಚುಕ್ಕಿ ಉಳಿದರೆ ಕ್ವೆರಿ ಎರರ್ ಕೊಡುತ್ತದೆ.

ಆದರೆ ಕ್ರಮ ಬೇಕಾಗುವ ಜಾಗವೂ ಒಂದಿದೆ. ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರು ಇಡುತ್ತಾರಲ್ವಾ? ಹಾಗಾಗಿ ಒಂದೇ ಮನೆಯಲ್ಲಿ ‘ಶಿವಣ್ಣ ಬಿನ್ ರಾಮಣ್ಣ’, ‘ರಾಮಣ್ಣ ಬಿನ್ ಶಿವಣ್ಣ’ ಇಬ್ಬರೂ ಇರುತ್ತಾರೆ. ಎರಡು ಪದ ಮಾತ್ರ ಕೊಟ್ಟರೆ ಇಬ್ಬರೂ ಬರುತ್ತಾರೆ, ಯಾರ ಕಡೆಗೂ ಒಲವಿಲ್ಲ. ಬಳಸುವವರು ‘ಬಿನ್’ ಅಥವಾ ‘ಕೋಂ’ (ಇಂಥವರ ಹೆಂಡತಿ) ಟೈಪ್ ಮಾಡಿದ್ದರೆ ಅದನ್ನು ಕಸ ಅಂತ ಎಸೆಯಬೇಡಿ. ಎಡಗಡೆಯದ್ದನ್ನು ಹೆಸರಿನ ಕಾಲಂನಲ್ಲೂ ಬಲಗಡೆಯದ್ದನ್ನು ಎರಡನೇ ಕಾಲಂನಲ್ಲೂ ಮಾತ್ರ ಹುಡುಕಿ. ಕಾಲಂ ಹೆಸರು, ಕೋಲನ್, ಪದ ಅಂತ ಬರೆದರಾಯಿತು. ಟೈಪ್ ಮಾಡಿಲ್ಲವೇ? ಇಬ್ಬರನ್ನೂ ತೋರಿಸಿ, ತಂದೆಯ ಹೆಸರು ಎದ್ದು ಕಾಣಲಿ. ಊಹೆ ಮಾಡಿ ದುಡ್ಡು ಬಟವಾಡೆ ಮಾಡುವುದಕ್ಕಿಂತ ಕೇಳುವುದೇ ವಾಸಿ.

‘ಶಿವಣ್ಣ’ ಅಂತ ಒಂದೇ ಪದ ಬಂದರೆ, ಫಲಿತಾಂಶಗಳಿಗೆ ಅಂಕ ಕೊಡುವ ಬಿಎಂ25ಗೆ ಕಾಲಂವಾರು ತೂಕ ಕೊಡಿ: ಹೆಸರಿಗೆ 10, ತಂದೆ ಅಥವಾ ಗಂಡನಿಗೆ 3, ಊರಿಗೆ 1. ಸ್ವಂತ ಹೆಸರಿನವರು ಮೇಲೆ ಬರುತ್ತಾರೆ. ಅದರ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು, ತಲೆಕೆಳಗಾಗಿ ಜೋಡಿಸಬೇಡಿ. ಎಲ್ಲೆಡೆ ಇರುವ ‘ಗೌಡ’ದಂಥ ಪದಕ್ಕೆ ಅದು ತಾನಾಗಿಯೇ ಬೆಲೆ ಇಳಿಸುತ್ತದೆ.

‘ಪುಟ್ಟಸ್ವಾಮಿಗೌಡ’, ‘ಪುಟ್ಟಸ್ವಾಮಿ ಗೌಡ’ ಎರಡು ರೂಪವನ್ನೂ ಹೆಸರಿನ ಕಾಲಂನಲ್ಲೇ ಸೇರಿಸಿಡಿ. ಕೊನೆಯಲ್ಲಿ ನಕ್ಷತ್ರ ಹಾಕಿದರೆ ಪದದ ಆರಂಭ ಹೊಂದುತ್ತದೆ, ಅಂತ್ಯ ಹೊಂದುವುದಿಲ್ಲ. ಆದರೆ ಇನಿಷಿಯಲ್ ಇರಲೇಬೇಕು ಅಂತ ಕಡ್ಡಾಯ ಮಾಡಬೇಡಿ. ಒಬ್ಬರು ‘ಎಂ’ ಅನ್ನುತ್ತಾರೆ, ಇನ್ನೊಬ್ಬರು ‘ಮದ್ದೂರು’ ಅನ್ನುತ್ತಾರೆ. ಮೊದಲು ಎಲ್ಲಾ ಪದ ಸೇರಿಸಿ ಹುಡುಕಿ, ಆಮೇಲೆ ಇನಿಷಿಯಲ್ ಬಿಟ್ಟು ಹುಡುಕಿ, ಎರಡನೆಯ ಫಲಿತಾಂಶವನ್ನು ಕೆಳಗೆ ತೋರಿಸಿ.

ಹುಡುಕಾಟಕ್ಕೆ ಬೇರೆ ಎಂಜಿನ್ ಬಳಸುವವರಿಗೆ ಎರಡು ಮಾತು. ಎಲಾಸ್ಟಿಕ್‌ಸರ್ಚ್‌ನ ಮ್ಯಾಚ್ ಕ್ವೆರಿ ಯಾವುದಾದರೂ ಒಂದು ಪದ ಸಿಕ್ಕರೂ ಸಾಕು ಅನ್ನುತ್ತದೆ, ಆಪರೇಟರನ್ನು ‘ಆ್ಯಂಡ್’ಗೆ ಬದಲಿಸಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಇನ್ನೋಡಿಬಿ ಡೀಫಾಲ್ಟ್ ಆಗಿ 3 ಕ್ಯಾರೆಕ್ಟರ್‌ಗಿಂತ ಚಿಕ್ಕ ಪದವನ್ನು ಇಂಡೆಕ್ಸ್‌ಗೆ ಸೇರಿಸುವುದೇ ಇಲ್ಲ, ಅಲ್ಲಿ ‘ಎಂ’ನಂಥ ಇನಿಷಿಯಲ್ ಮಾಯ. ಆ ಮಿತಿ ಇಳಿಸಿ, ಸರ್ವರ್ ರೀಸ್ಟಾರ್ಟ್ ಮಾಡಿ, ಇಂಡೆಕ್ಸ್ ಮತ್ತೆ ಕಟ್ಟಿ.