ಕೈ ಸೋತಿತೋ, ನಳಿಗೆ ಸೋತಿತೋ: ನನ್ನ ಕರಿಮದ್ದಿನ ರೈಫಲ್ಲಿಗೆ ಬಿಡುವು ಕೊಟ್ಟ ಅನುಭವ

ಈ ಸಲ ಸ್ಪರ್ಧೆಗೆ ಹೆಸರು ಕೊಡುವಾಗ ನನ್ನ ಹಳೆಯ ರೈಫಲ್ಲನ್ನು ಪಟ್ಟಿಯಿಂದ ಕೈಬಿಟ್ಟೆ. 45 ಕ್ಯಾಲಿಬರಿನ, ಅಂದರೆ ಸುಮಾರು 0.45 ಇಂಚು ಅಗಲದ ತೂತಿನ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ರೈಫಲ್ ಅದು. ಕೇಪು ಅಂದರೆ ಹ್ಯಾಮರ್ ಬಡಿದಾಗ ಸಿಡಿದು ಒಳಗಿನ ಮದ್ದಿಗೆ ಕಿಡಿ ಹತ್ತಿಸುವ ಪುಟ್ಟ ಲೋಹದ ಟೋಪಿ. ದುಂಡು ಗುಂಡಿಗೆಂದೇ, ಅದನ್ನು ತಿರುಗಿಸಲು ಒಳಗೆ ನಿಧಾನ ತಿರುವಿನ ಗೆರೆ ಕೊರೆದ ಎಂಟು ಮೂಲೆಯ ನಳಿಗೆ. ನಾನು ಗುರಿ ಹೊಡೆಯುವುದನ್ನು ಸರಿಯಾಗಿ ಕಲಿತದ್ದೇ ಅದರಲ್ಲಿ. ಅದರ ಮೇಲಿನ ಪ್ರೀತಿ ಈಗಲೂ ಹಾಗೇ ಇದೆ. ಆದರೆ ಪ್ರೀತಿ ಇದೆ ಅಂತ ಅಂಕ ಬರುವುದಿಲ್ಲ. ಇಂಥ ರೈಫಲ್ ಇಟ್ಟುಕೊಂಡ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ: ಸೋತಿದ್ದು ಕೈಯೋ, ನಳಿಗೆಯೋ? ನಾನು ಉತ್ತರ ಕಂಡುಕೊಂಡ ಬಗೆಯನ್ನು ಬರೆಯುತ್ತಿದ್ದೇನೆ.

ನಾನು ಹೊಡೆಯುವುದು 50 ಮೀಟರ್, ನಿಂತುಕೊಂಡು. ಬಾಯಿಂದ ಮದ್ದು ತುಂಬುವ ಬಂದೂಕುಗಳ ಸ್ಪರ್ಧೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಎಂಎಲ್‌ಎಐಸಿಯ ನಿಯಮದ ಪ್ರಕಾರ 30 ನಿಮಿಷದಲ್ಲಿ 13 ಗುಂಡು. ಅದರಲ್ಲಿ ಒಳ್ಳೆಯ 10 ಮಾತ್ರ ಲೆಕ್ಕಕ್ಕೆ. ಮೂರು ಗುಂಡು ಹಾಳಾದರೂ ಪರವಾಗಿಲ್ಲ ಅನ್ನುವ ಈ ಉದಾರತೆ ರೈಫಲ್ಲಿನ ದೋಷವನ್ನು ತುಂಬಾ ದಿನ ಮುಚ್ಚಿಡುತ್ತದೆ. ನನ್ನ ಅಂಕಗಳು ನಿಧಾನಕ್ಕೆ ಇಳಿಯುತ್ತಿದ್ದವು. ಬರೀ ಮೊತ್ತ ನೋಡಿದರೆ ವಯಸ್ಸಾಯಿತು ಅಂದುಕೊಳ್ಳಬಹುದಿತ್ತು. ಆದರೆ ನಾನು ಪ್ರತಿ ಗುಂಡು ಎಲ್ಲಿ ಬಿತ್ತು ಅಂತ ಕ್ರಮವಾಗಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವವನು. ಹಳೆಯ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಹೊರಬಿತ್ತು. ಮೊದಲ ನಾಲ್ಕೈದು ಗುಂಡು ಒಟ್ಟಿಗೇ ಕೂತಿರುತ್ತಿದ್ದವು. ಆಮೇಲಿನವು ಮೇಲಕ್ಕೆ, ಬಲಕ್ಕೆ ಚದುರುತ್ತಿದ್ದವು. ಕೈ ಸೋತರೆ ಹೀಗಾಗುವುದಿಲ್ಲ. ದಣಿದ ಕೈ ಎಲ್ಲ ಕಡೆ ತಪ್ಪುತ್ತದೆ, ಒಂದೇ ದಿಕ್ಕಿಗೆ ಅಲ್ಲ.

ಆದರೂ ಪರೀಕ್ಷೆ ಮಾಡದೆ ತೀರ್ಮಾನಕ್ಕೆ ಬರಬಾರದು ಅಲ್ವಾ? ಮೊದಲು ನನ್ನ ಕೈಯನ್ನೇ ಲೆಕ್ಕದಿಂದ ತೆಗೆದೆ. ರೈಫಲ್ಲನ್ನು ಮರಳು ಚೀಲದ ಮೇಲಿಟ್ಟು, ಕೂತು ಹೊಡೆದೆ. ಅದೇ ಕಥೆ. ನನಗಿಂತ ಚೆನ್ನಾಗಿ ಹೊಡೆಯುವ ಗೆಳೆಯನ ಕೈಗೆ ಕೊಟ್ಟೆ. ಅವನಿಗೂ ಐದಾರು ಗುಂಡಾದ ಮೇಲೆ ಮೇಲಕ್ಕೇ ಹೋಯಿತು.

ಆಮೇಲೆ ಕಡಿಮೆ ಖರ್ಚಿನ ಭಾಗಗಳಿಂದ ಶುರು ಮಾಡಿದೆ. ಕೇಪು ಕೂರುವ ಸಣ್ಣ ಕೊಳವೆಗೆ ನಿಪ್ಪಲ್ ಅನ್ನುತ್ತಾರೆ. ಕಿಡಿ ಒಳಗೆ ಹೋಗುವ ಅದರ ತೂತು ಹೊಡೆದಷ್ಟೂ ಅಗಲವಾಗುತ್ತದೆ. ಹಾಗಾದಾಗ ಬಿಸಿ ಗಾಳಿ ಹಿಂದಕ್ಕೆ ನುಗ್ಗಿ ಹ್ಯಾಮರನ್ನೇ ಎತ್ತುತ್ತದೆ. ಗುಂಡಿನ ವೇಗ ಒಂದೊಂದು ಸಲ ಒಂದೊಂದಾಗಿ, ಗುರಿ ಕಾಗದದ ಮೇಲೆ ತೂತುಗಳು ಮೇಲೆ ಕೆಳಗೆ ಉದ್ದಕ್ಕೆ ಬೀಳುತ್ತವೆ. ಹೊಸ ನಿಪ್ಪಲ್ ಹಾಕಿದ ಮೇಲೆ ಇದು ಸ್ವಲ್ಪ ಸುಧಾರಿಸಿತು, ಆದರೆ ಮೂಲ ಕಾಯಿಲೆ ಹೋಗಲಿಲ್ಲ. ಪ್ಯಾಚ್, ಅಂದರೆ ಗುಂಡಿಗೆ ಸುತ್ತಿ ತುಂಬುವ ಬಟ್ಟೆ ತುಂಡಿನ ದಪ್ಪ ಬದಲಾಯಿಸಿದೆ. ಅದಕ್ಕೆ ಹಚ್ಚುವ ಜಿಡ್ಡು ಬದಲಾಯಿಸಿದೆ. ಮದ್ದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ ನೋಡಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ.

ನಿಜ ಹೇಳಿದ್ದು ನೆಲದ ಮೇಲೆ ಬಿದ್ದ ಪ್ಯಾಚ್‌ಗಳು. ಹೊಡೆದಾದ ಮೇಲೆ ಮುಂದೆ ಹೋಗಿ ಅವನ್ನು ಹೆಕ್ಕುವುದು ನನಗೆ ಅಭ್ಯಾಸ. ಆರೋಗ್ಯವಾಗಿರುವ ನಳಿಗೆಯಿಂದ ಬಂದ ಪ್ಯಾಚ್‌ನಲ್ಲಿ ನಡುವೆ ಕಪ್ಪು ವೃತ್ತ, ಸುತ್ತ ಗೆರೆಗಳ ಅಚ್ಚು, ಅಂಚು ಸ್ವಲ್ಪ ಎಳೆಬಿಟ್ಟಿರುತ್ತದೆ, ಅಷ್ಟೆ. ನನ್ನ ಮೊದಲ ಗುಂಡುಗಳ ಪ್ಯಾಚ್ ಹಾಗೇ ಇದ್ದವು. ಕೊನೆಯ ಗುಂಡುಗಳದ್ದು ಒಂದೇ ಪಕ್ಕದಲ್ಲಿ ಹರಿದು, ಹರಿದಲ್ಲಿ ಸುಟ್ಟಿತ್ತು. ಹರಿದ ಬಟ್ಟೆ ಗುಂಡನ್ನು ಗೆರೆಯಲ್ಲಿ ಬಿಗಿಯಾಗಿ ಹಿಡಿಯಲಾರದು. ಗುಂಡು ಸರಿಯಾಗಿ ತಿರುಗದೆ ಹೊರಡುತ್ತದೆ.

ನಳಿಗೆಯೊಳಗೆ ಏನಾಗಿದೆ ಅಂತ ನೋಡಲು ಮೆತ್ತನೆಯ ಸೀಸದ ಗುಂಡೊಂದಕ್ಕೆ ಎಣ್ಣೆ ಹಚ್ಚಿ, ಖಾಲಿ ನಳಿಗೆಯಲ್ಲಿ ಕಡ್ಡಿಯಿಂದ ನಿಧಾನವಾಗಿ ತಳ್ಳಿದೆ. ಸರಿಯಿರುವ ನಳಿಗೆಯಲ್ಲಿ ಉದ್ದಕ್ಕೂ ಒಂದೇ ಬಿಗಿ ಸಿಗಬೇಕು. ನನ್ನದರಲ್ಲಿ ತಳ ಹತ್ತಿರವಾದಾಗ, ಅಂದರೆ ಗುಂಡು ಕೂರುವ ಜಾಗಕ್ಕಿಂತ ಸ್ವಲ್ಪ ಮುಂದೆ, ಕಡ್ಡಿ ಸಡಿಲವಾಯಿತು. ನಳಿಗೆಯೊಳಗೆ ಇಣುಕಿ ನೋಡುವ ಬೋರ್‌ಸ್ಕೋಪ್ ಹಾಕಿದಾಗ ಅದೇ ಜಾಗದಲ್ಲಿ ಸಣ್ಣ ಸಣ್ಣ ಗುಳಿಗಳು ಕಂಡವು. ಗೆರೆಗಳ ಅಂಚು ಸವೆದಿತ್ತು.

ಕರಿಮದ್ದು ಅಂದರೆ ಹೆಚ್ಚು ಕಮ್ಮಿ ಪೆಟ್ಲುಪ್ಪು 75 ಪಾಲು, ಇದ್ದಿಲು 15, ಗಂಧಕ 10. ಉರಿದಾಗ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಭಾಗ ಗಾಳಿಯಾಗುವುದೇ ಇಲ್ಲ. ಹೊಗೆಯ ಕಣವಾಗಿ, ಮಸಿಯಾಗಿ ಉಳಿಯುತ್ತದೆ. ಆ ಮಸಿ ಗುಳಿಗಳಲ್ಲಿ ಕೂತು ಗಟ್ಟಿಯಾಗುತ್ತದೆ. ಶುಚಿಯಾದ ನಳಿಗೆಯಲ್ಲಿ ಮೊದಲ ಗುಂಡುಗಳು ಚೆನ್ನಾಗಿ ಹೋಗಿ, ಆಮೇಲೆ ಪ್ಯಾಚ್ ಹರಿಯುತ್ತಿದ್ದದ್ದು ಇದಕ್ಕೇ. ಪ್ರತಿ ಗುಂಡಿಗೂ ನಳಿಗೆ ಒರೆಸಿದರೆ ರೈಫಲ್ ಮತ್ತೆ ಹಳೆಯ ಹಾಗೇ ಹೊಡೆಯುತ್ತಿತ್ತು! ಆದರೆ ಸ್ಪರ್ಧೆಯ ಅರ್ಧ ಗಂಟೆಯಲ್ಲಿ ಅದನ್ನು ಮಾಡಿಕೊಂಡು ಕೂತರೆ ಗುರಿಯ ಕಡೆ ಗಮನ ಉಳಿಯುವುದಿಲ್ಲ. ಒದ್ದೆ ಮಸಿ ತಳಕ್ಕೆ ಇಳಿದು ಕಿಡಿಯ ದಾರಿ ಕಟ್ಟಿಕೊಂಡರಂತೂ ಕೇಪು ಮಾತ್ರ ಸಿಡಿಯುತ್ತದೆ, ಮದ್ದು ಹತ್ತುವುದಿಲ್ಲ.

ಸರಿಪಡಿಸಲು ದಾರಿ ಇಲ್ಲ ಅಂತಲ್ಲ. ಗೆರೆಗಳನ್ನು ಮತ್ತೆ ಆಳವಾಗಿ ಕೊರೆಸಬಹುದು. ನಳಿಗೆಯನ್ನು 50 ಕ್ಯಾಲಿಬರಿಗೆ ಅಗಲ ಮಾಡಿಸಬಹುದು. ಒಳಗೆ ಹೊಸ ಕೊಳವೆ ಕೂರಿಸಬಹುದು. ಒಂದೇ ರೈಫಲ್ ಇರುವವರಿಗೆ ಇವೆಲ್ಲ ಒಳ್ಳೆಯ ದಾರಿಗಳೇ, ಒಳ್ಳೆಯ ಕೈಯಲ್ಲಿ ಆದರೆ. ನಾನು ಬೇಡ ಅಂದೆ. ಒಳಗಿಂದ ಲೋಹ ತೆಗೆದರೆ ನಳಿಗೆಯ ತೂಕ ಇಳಿಯುತ್ತದೆ. ನಿಂತು ಹೊಡೆಯುವವನಿಗೆ ಮುಂದಿನ ಆ ತೂಕವೇ ಆಧಾರ, ಗುರಿಯ ಮೇಲೆ ರೈಫಲ್ಲನ್ನು ಅಲ್ಲಾಡದೆ ನಿಲ್ಲಿಸುವುದು ಅದೇ. ಮದ್ದಿನ ಅಳತೆ, ಗುಂಡಿನ ಅಚ್ಚು, ಪ್ಯಾಚ್, ಗುರಿ ನೋಡುವ ಸೈಟಿನ ಹೊಂದಿಕೆ ಎಲ್ಲ ಹೊಸದಾಗಿ ಹುಡುಕಬೇಕು. ಅಷ್ಟೆಲ್ಲ ಆದ ಮೇಲೆ ನನ್ನ ಕೈಲಿರುವುದು ಹಳೆಯ ಮರಕ್ಕೆ ಜೋಡಿಸಿದ ಬೇರೆಯೇ ರೈಫಲ್. ಹೇಗೂ ಹೊಸದಾಗಿ ಶುರು ಮಾಡಬೇಕು ಅಂದರೆ ಹೊಸದರಲ್ಲೇ ಮಾಡೋಣ, ಇದು ಇದ್ದ ಹಾಗೇ ಇರಲಿ ಅನ್ನಿಸಿತು.

ಬಿಡುವು ಕೊಡುವುದು ಅಂದರೆ ಗೋಡೆಗೆ ನೇತು ಹಾಕಿ ಮರೆಯುವುದಲ್ಲ. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಂಡು ಬೇಗ ತುಕ್ಕು ಹಿಡಿಸುತ್ತದೆ. ಮೊದಲು ಗುಂಡಿಲ್ಲ ಅಂತ ಖಚಿತ ಮಾಡಿಕೊಂಡೆ. ನನ್ನ ಕಡ್ಡಿಯ ಮೇಲೆ ಖಾಲಿ ನಳಿಗೆಯ ಆಳಕ್ಕೊಂದು, ಗುಂಡು ತುಂಬಿದಾಗಿನ ಆಳಕ್ಕೊಂದು ಗೆರೆ ಇದೆ. ಇಂಥ ರೈಫಲ್ಲಿನಲ್ಲಿ ಗುಂಡಿದೆಯೋ ಇಲ್ಲವೋ ಅಂತ ಹೊರಗಿಂದ ನೋಡಿ ಹೇಳಲಾಗದು, ಹಾಗಾಗಿ ಈ ಗೆರೆಗಳು ಬೇಕೇ ಬೇಕು. ನಿಪ್ಪಲ್ ಬಿಚ್ಚಿ, ನಳಿಗೆ ಕಳಚಿ, ಬಿಸಿ ನೀರಿನಲ್ಲಿ ತೊಳೆದೆ. ಬಟ್ಟೆ ಬೆಳ್ಳಗೆ ಬರುವವರೆಗೂ ಒರೆಸಿ, ಪೂರ್ತಿ ಒಣಗಿಸಿ, ತುಕ್ಕು ತಡೆಯುವ ಎಣ್ಣೆ ಹಚ್ಚಿದೆ. ನಿಪ್ಪಲ್ಲಿನ ತಿರುಪಿನ ಸುತ್ತುಗಳಿಗೆ ಗ್ರೀಸ್. ಸ್ಪ್ರಿಂಗಿನ ಬಿಗುವು ಇಳಿಯಲಿ ಅಂತ ಹ್ಯಾಮರನ್ನು ಕೆಳಗಿಳಿಸಿ ಇಟ್ಟೆ. ಮೊದಲ ಕೆಲವು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿದೆ, ಹೆಚ್ಚಾದ ಎಣ್ಣೆ ಹಿಂದಕ್ಕೆ ಹರಿದು ಮರಕ್ಕೆ ಇಳಿಯಬಾರದು. ಮಾರನೆಯ ದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಬಿಳಿ ಬಟ್ಟೆ ಹಾಕಿ ನೋಡಿದೆ. ಕಂದು ಬಣ್ಣ ಕಂಡರೆ ತುಕ್ಕು ಶುರುವಾಗಿದೆ ಅಂತ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ. ಹದ ಮಾಡಿದ ಚರ್ಮದಲ್ಲಿ ಉಳಿದ ಉಪ್ಪು, ಹುಳಿ ಅಂಶ, ಜೊತೆಗೆ ಅದು ಹೀರಿದ ತೇವ, ಲೋಹವನ್ನು ತಿನ್ನುತ್ತವೆ.

ಹೊಸ ರೈಫಲ್ಲೂ 45ರದ್ದೇ. ಹಳೆಯ ಅಚ್ಚಿನ ಗುಂಡು ಇದಕ್ಕೂ ಆಗುತ್ತದೆ, ಆದರೆ ಹಳೆಯ ಮದ್ದಿನ ಅಳತೆ ಆಗಲಿಲ್ಲ. ಒಂದೇ ಕ್ಯಾಲಿಬರ್ ಆದರೂ ಪ್ರತಿ ನಳಿಗೆಗೂ ಅದರದೇ ರುಚಿ ಇರುತ್ತದೆ. ಕಮ್ಮಿ ಮದ್ದಿನಿಂದ ಶುರು ಮಾಡಿ, ಮರಳು ಚೀಲದ ಮೇಲೆ ಗುಂಪು ಎಲ್ಲಿ ಬಿಗಿಯಾಗುತ್ತದೆ ಅಂತ ನೋಡುತ್ತಾ ಹೋಗಬೇಕು. ಕಷ್ಟವಾದದ್ದು ಟ್ರಿಗರ್. ಹಳೆಯದರಲ್ಲಿ ಜೋಡಿ ಟ್ರಿಗರ್, ಒಂದನ್ನು ಮೊದಲೇ ಎಳೆದು ಅಣಿ ಮಾಡಿದರೆ ಇನ್ನೊಂದಕ್ಕೆ ಬೆರಳು ಸೋಕಿದರೆ ಸಾಕು, ಬಿಡುತ್ತಿತ್ತು. ಬೆರಳು ಇನ್ನೂ ಅದನ್ನೇ ಕೇಳುತ್ತಿದೆ. ಮದ್ದು, ಗುಂಡು, ಕೇಪು ಯಾವುದೂ ಇಲ್ಲದೆ, ನಿಪ್ಪಲ್ ಕೆಡದ ಹಾಗೆ ಅದರ ಮೇಲೆ ರಬ್ಬರ್ ತುಂಡು ಇಟ್ಟು, ದಿನವೂ ಸುಮ್ನೆ ಟ್ರಿಗರ್ ಎಳೆದು ಅಭ್ಯಾಸ ಮಾಡುತ್ತಿದ್ದೇನೆ.

ಹಳೆಯದು ಈಗ ಕಲಿಯುವವರ ಕೈಯಲ್ಲಿದೆ. 25 ಮೀಟರಿಗೆ, ಕಮ್ಮಿ ಮದ್ದಿನಲ್ಲಿ. ಹೊಸಬರು ಹೇಗೂ ಪ್ರತಿ ಗುಂಡಿಗೂ ನಳಿಗೆ ಒರೆಸಲೇಬೇಕು, ಹಾಗಾಗಿ ಅವರಿಗೆ ಅದರ ದೋಷ ಕಾಣುವುದೇ ಇಲ್ಲ. ಕೊಡುವ ಮೊದಲು ಎಣ್ಣೆಯನ್ನೆಲ್ಲ ಸ್ಪಿರಿಟ್ ಹಾಕಿ ಒರೆಸಿ, ಮದ್ದು ತುಂಬದೆ ಬರೀ ಕೇಪು ಒಂದೆರಡು ಹೊಡೆದು ದಾರಿ ಒಣಗಿಸುತ್ತೇನೆ. ಮದ್ದನ್ನು ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಲು ಬಿಡುವುದಿಲ್ಲ, ಮೊದಲೇ ತೂಗಿ ಸಣ್ಣ ಕೊಳವೆಗಳಲ್ಲಿ ತುಂಬಿಟ್ಟದ್ದನ್ನೇ ಕೊಡುತ್ತೇನೆ. ಕಡ್ಡಿಯ ಮೇಲಿನ ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ಬಂತು ಅಂತ ಅವರೇ ತೋರಿಸಬೇಕು. ಗುಂಡು ಮದ್ದಿನ ಮೇಲೆ ಕೂತಿದೆ ಅಂತ ನೋಡಿದ ಮೇಲೇ ಕೇಪು ಕೈಗೆ ಕೊಡುವುದು.