ಏಕ ಸಿಲಿಂಡರ್ ಗಾಡಿಯ ಹ್ಯಾಂಡಲ್ ನಡುಕ ಇಳಿಸಿದ ನನ್ನ ಅನುಭವ

350 ಸಿಸಿಯ ಏಕ ಸಿಲಿಂಡರ್ ಗಾಡಿಯಲ್ಲಿ ಪುಣೆಯಿಂದ ಬೆಳಗಾವಿಯವರೆಗೆ ಕೈ ಜೋಮು ಹಿಡಿಯದಂತೆ ಹೋಗಲು ಸಾಧ್ಯವೇ ಇಲ್ಲ ಎಂದು ಪುಣೆಯ ನಮ್ಮ ಕನ್ನಡಿಗ ಸವಾರರ ಬಳಗದಲ್ಲಿ ಬಹುತೇಕ ಎಲ್ಲರೂ ಹೇಳುತ್ತಿದ್ದರು. ನಡುಕವನ್ನು ಸರಿದೂಗಿಸುವ ಬ್ಯಾಲೆನ್ಸರ್ ಶಾಫ್ಟ್ ಇಲ್ಲದ ಎಂಜಿನ್ ನಡುಗುವುದು ಅದರ ಹುಟ್ಟುಗುಣ, ಅದಕ್ಕೆ ಹಣ ಸುರಿಯುವುದಕ್ಕಿಂತ ಗಾಡಿ ಮಾರಿ ಎರಡು ಸಿಲಿಂಡರಿನದನ್ನು ಕೊಳ್ಳುವುದು ಮೇಲು ಎಂಬುದು ಅವರ ಸಲಹೆಯಾಗಿತ್ತು. ನಾನು ಮಾರಲಿಲ್ಲ. ಮೊದಲು ಕರಾಡ ಬರುವ ಮುನ್ನವೇ ಬಲಗೈಯ ತೋರುಬೆರಳು ಮತ್ತು ನಡುಬೆರಳು ಸತ್ತಂತಾಗುತ್ತಿದ್ದವು. ಈಗ ಅದೇ ಗಾಡಿಯಲ್ಲಿ ಕೊಲ್ಹಾಪುರ ದಾಟಿ ನಿಪ್ಪಾಣಿಯಲ್ಲಿ ನಿಂತಾಗಲೂ ಕೈಗವಸಿನ ಗುಂಡಿಯನ್ನು ಕಣ್ಣಿಟ್ಟು ನೋಡದೆಯೇ ಬಿಚ್ಚಬಲ್ಲೆ. ಕನ್ನಡಿಯಲ್ಲಿ ಹಿಂದಿನ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆ. ಸಲಹೆ ಕೊಟ್ಟವರಲ್ಲಿ ಇಬ್ಬರು ಈಗ ತಮ್ಮ ಗಾಡಿಗಳನ್ನು ನನ್ನ ಬಳಿಗೇ ತಂದಿದ್ದಾರೆ.

ನಡುಕ ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 85 ಕಿ.ಮೀ. ವೇಗದಲ್ಲಿ ಕ್ಲಚ್ ಹಿಡಿದು ಎಂಜಿನ್ ಐಡಲ್‌ಗೆ ಇಳಿಯಲು ಬಿಟ್ಟೆ. ನಡುಕ ತಕ್ಷಣ ನಿಂತಿತು. ಟಾಪ್ ಗೇರಿನಲ್ಲಿ ಆ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 4,200 ಸುತ್ತು ತಿರುಗುತ್ತದೆ, ಎಂದರೆ 4,200 ಆರ್‌ಪಿಎಂ ಬರುತ್ತದೆ. ಅದೇ ಆರ್‌ಪಿಎಂ ಅನ್ನು ಮೂರನೆಯ ಗೇರಿನಲ್ಲಿ ಹಿಡಿದಾಗ ಅದೇ ನಡುಕ ಅಷ್ಟೇ ಬಲದಿಂದ ಬಂದಿತು. ಹೀಗಾಗಿ ಟೈರ್, ರಿಮ್, ಚೈನ್ ಮೂರೂ ನಿರಪರಾಧಿಗಳು. ಗಾಡಿಯಲ್ಲಿ ಈ ಸುತ್ತು ತೋರಿಸುವ ಟ್ಯಾಕೋಮೀಟರ್ ಇಲ್ಲದ್ದರಿಂದ ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತುವ ಐನೂರು ಚಿಲ್ಲರೆ ರೂಪಾಯಿಯ ಮೀಟರ್ ಹಾಕಿಕೊಂಡಿದ್ದೆ. ಪ್ರತಿ ಸುತ್ತಿಗೂ ಕಿಡಿ ಹಾರಿಸುವ (ವೇಸ್ಟ್ ಸ್ಪಾರ್ಕ್) ಎಂಜಿನ್ನಿಗೆ ಅದರ ಸೆಟ್ಟಿಂಗ್ ಬದಲಿಸದಿದ್ದರೆ ಅದು ಎರಡರಷ್ಟು ತೋರಿಸುತ್ತದೆ ಎಂಬುದನ್ನು ಗಮನಿಸಿ.

ಆದರೂ ಟೈರ್ ಬದಲಿಸಲೇಬೇಕು ಎಂದು ಒಬ್ಬ ಮಿತ್ರರು ಪಟ್ಟು ಹಿಡಿದರು. ಅವರ ಆಧಾರ ಫೋನಿನ ವೈಬ್ರೇಶನ್ ಆ್ಯಪ್. ಅದು 30 ಹರ್ಟ್ಝ್‌ನಲ್ಲಿ ಎತ್ತರದ ಶಿಖರ ತೋರಿಸುತ್ತಿತ್ತು, ಎಂದರೆ ಸೆಕೆಂಡಿಗೆ 30 ಸಲದ ನಡುಕವೇ ಅತಿ ಬಲವಾದದ್ದು. 4,200 ಆರ್‌ಪಿಎಂ ಎಂದರೆ 70 ಹರ್ಟ್ಝ್, ಆದ್ದರಿಂದ ಇದು ಎಂಜಿನ್ನಿನದಲ್ಲ ಎಂಬುದು ಅವರ ವಾದ. ನಾನು ಥ್ರಾಟಲ್ ಸ್ವಲ್ಪ ತೆರೆದು 4,350ಕ್ಕೆ ಏರಿಸಿದೆ. ಶಿಖರ ಮೇಲಕ್ಕೆ ಹೋಗುವ ಬದಲು 27ರ ಸುಮಾರಿಗೆ ಇಳಿಯಿತು. ಚಕ್ರದ ದೋಷವಾಗಿದ್ದರೆ ವೇಗ ಹೆಚ್ಚಿದಂತೆ ಅದು ಎಂದೂ ಕೆಳಗಿಳಿಯುವುದಿಲ್ಲ. ಆ ಫೋನ್ ಸೆಕೆಂಡಿಗೆ ನೂರೇ ಸಲ ಅಳೆಯುತ್ತಿತ್ತು. ಅಂಥ ಫೋನಿಗೆ 50 ಹರ್ಟ್ಝ್‌ಗಿಂತ ಮೇಲಿನದು ಇದ್ದಂತೆ ಕಾಣುವುದಿಲ್ಲ. 70 ಅದಕ್ಕೆ 100ರಿಂದ ಕಳೆದು 30 ಆಗಿ ಕಾಣುತ್ತದೆ, 72.5 ಆದರೆ 27.5 ಆಗಿ ಕಾಣುತ್ತದೆ. ಇದೊಂದು ಸಂಗತಿ ಗೊತ್ತಾಗದೆ ಎಷ್ಟು ಒಳ್ಳೆಯ ಟೈರುಗಳು ಗುಜರಿಗೆ ಹೋಗಿವೆಯೋ ಹೇಳಲಾಗದು. ಅದಲ್ಲದೆ ಫೋನಿನ ತೂಕವೇ ಹ್ಯಾಂಡಲಿನ ನಡತೆಯನ್ನು ಬದಲಿಸುತ್ತದೆ. ದುಬಾರಿ ಫೋನುಗಳ ಕ್ಯಾಮೆರಾಗಳಿಗೆ ಬೈಕಿನ ನಡುಕ ಹಾನಿ ಮಾಡಬಹುದೆಂದು ಆಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿದೆ. ಆದ್ದರಿಂದ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಎಡಿಎಕ್ಸ್‌ಎಲ್345 ಎಂಬ ನಡುಕ ಅಳೆಯುವ ಸೆನ್ಸರ್ ಮತ್ತು ಇಎಸ್‌ಪಿ32 ಎಂಬ, ಅದರ ಅಳತೆಯನ್ನು ದಾಖಲಿಸುವ ಸಣ್ಣ ಬೋರ್ಡ್ ಕೊಂಡುತಂದೆ. ಎಸ್‌ಡಿ ಕಾರ್ಡಿನ ಸಾಕೆಟ್ ಸೇರಿ ಎಂಟುನೂರು ರೂಪಾಯಿಯೊಳಗೆ ಮುಗಿಯಿತು. ಕೆಲವೇ ಗ್ರಾಂ ತೂಗುವ ಈ ಸೆನ್ಸರ್ ±16 ಜಿವರೆಗೆ (ಗುರುತ್ವಾಕರ್ಷಣೆಯ 16 ಪಟ್ಟು) ಅಳೆಯುತ್ತದೆ, ಅಳೆಯುವ ವೇಗದಲ್ಲಿಯೂ ಕೊರತೆಯಿಲ್ಲ.

ಬಲಗೈ ಹಿಡಿಕೆಯ ತುದಿಯಲ್ಲಿ ಮೊದಲ ಅಳತೆ 15 ಮೀಟರ್ ಪ್ರತಿ ಸೆಕೆಂಡ್ ವರ್ಗದ ಸುಮಾರಿಗೆ ಬಂದಿತು. ಇದು ನಡುಕದ ಸರಾಸರಿ ಬಲ ತೋರಿಸುವ ಕಚ್ಚಾ ಆರ್‌ಎಂಎಸ್ ಅಂಕಿ. ಕೈಗೆ ತಟ್ಟುವ ಕಂಪನವನ್ನು ಅಳೆಯುವ ಐಎಸ್‌ಒ 5349 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕಂಪನದ ವೇಗಕ್ಕೆ ತಕ್ಕ ಗುಣಕದಿಂದ ಗುಣಿಸಿದರೆ 70 ಹರ್ಟ್ಝ್‌ನಲ್ಲಿ ಇದರ ಕಾಲು ಭಾಗಕ್ಕಿಂತ ತುಸು ಕಡಿಮೆಯೇ ಉಳಿಯುತ್ತದೆ, ಆದರೂ ಮೂರನ್ನು ಮೀರುತ್ತದೆ. ಯುರೋಪಿನ ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ 2.5 ದಾಟಿದರೇ ಕ್ರಮ ಕೈಗೊಳ್ಳಬೇಕೆಂಬ ನಿಯಮವಿದೆ.

ಇಲ್ಲಿಂದ ಮುಂದೆ ಖರ್ಚಿನ ಕಥೆ. ಜೆಲ್ ಇರುವ ಕೈಗವಸಿಗೆ ಎರಡು ಸಾವಿರಕ್ಕೂ ಮೇಲೆ ಕೊಟ್ಟೆ. ಹೆಚ್ಚೆಂದರೆ ಅರ್ಧ ಗಂಟೆಯ ನೆಮ್ಮದಿ ಸಿಕ್ಕಿತು. ನಾನಾ ಪೇಟೆಯಲ್ಲಿ ತಂದ ದಪ್ಪ ಫೋಮ್ ಹಿಡಿಕೆಗಳು ಇನ್ನೂ ಕೆಡಿಸಿದವು, ಏಕೆಂದರೆ ಹಿಡಿಕೆ ದಪ್ಪವಾದಷ್ಟೂ ಬೆರಳುಗಳು ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಬಿಗಿಯಾಗಿ ಹಿಡಿದಷ್ಟೂ ನಡುಕ ಕೈಯೊಳಗೆ ಇಳಿಯುತ್ತದೆ. ಹ್ಯಾಂಡಲ್ ಕ್ಲ್ಯಾಂಪಿನ ಕೆಳಗೆ ರಬ್ಬರ್ ಬುಷ್ ಕೂಡಿಸಿದಾಗ ನಡುಕ ನಿಜವಾಗಿಯೂ ತಗ್ಗಿತು, ಆದರೆ ಖಂಬಾಟಕಿ ಘಾಟಿನ ತಿರುವಿನಲ್ಲಿ ಮುಂದಿನ ಚಕ್ರ ಏನು ಮಾಡುತ್ತಿದೆ ಎಂಬುದೇ ಕೈಗೆ ತಿಳಿಯದಾಯಿತು. ಅದನ್ನು ಮನೆಗೆ ಬಂದ ದಿನವೇ ತೆಗೆದೆ. ಹ್ಯಾಂಡಲಿನೊಳಗೆ ಉಕ್ಕಿನ ಸಣ್ಣ ಗುಂಡುಗಳನ್ನು ಸಿಲಿಕೋನ್‌ನೊಂದಿಗೆ ತುಂಬುವ ವಿಧಾನ ಹಲವರಿಗೆ ಗೊತ್ತು. ವಿನೆಗರ್ ವಾಸನೆಯ ಸಿಲಿಕೋನ್ ಉಕ್ಕಿನ ಕೊಳವೆಯನ್ನು ಒಳಗಿನಿಂದ ತುಕ್ಕು ಹಿಡಿಸುವುದರಿಂದ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಬಳಸಿದೆ. ಫಲ ಸಿಕ್ಕಿತು, ಆದರೆ ಪಟ್ಟ ಶ್ರಮಕ್ಕೆ ತಕ್ಕಷ್ಟಲ್ಲ.

ನಿಜವಾದ ಸುಧಾರಣೆ ಆರಂಭವಾದದ್ದು ಎಂಜಿನ್ ಮೌಂಟಿಂಗ್‌ನಿಂದ. ಬೋಲ್ಟುಗಳೆಲ್ಲ ಬಿಗಿಯಾಗಿಯೇ ಇದ್ದವು; ದೋಷವಿದ್ದದ್ದು ಅವು ಬಿಗಿಯಾಗಿದ್ದ ರೀತಿಯಲ್ಲಿ. ಎಲ್ಲವನ್ನೂ ಸಡಿಲಿಸಿದಾಗ ಸಿಲಿಂಡರ್ ಹೆಡ್ಡಿನ ಮೇಲಿನ ಬ್ರಾಕೆಟ್ಟಿಗೂ ಫ್ರೇಮಿಗೂ ನಡುವೆ ಒಂದು ಮಿಲಿಮೀಟರಿನಷ್ಟು ಸಂದು ಕಂಡಿತು. ಹಿಂದೆ ಎಂಜಿನ್ ಇಳಿಸಿ ಏರಿಸಿದವರು ಬೋಲ್ಟನ್ನೇ ತಿರುಗಿಸಿ ಆ ಸಂದನ್ನು ಎಳೆದು ಮುಚ್ಚಿದ್ದರು, ಹೀಗಾಗಿ ಇಡೀ ಫ್ರೇಮ್ ಸದಾ ಒತ್ತಡದಲ್ಲಿತ್ತು. ತೆಳುವಾದ ವಾಷರ್ ಕತ್ತರಿಸಿ ಸಂದು ತುಂಬಿ, ಬೋಲ್ಟುಗಳನ್ನು ಬೆರಳಿನಿಂದಲೇ ಕೂಡಿಸಿ, ಎಂಜಿನ್ ತಾನಾಗಿ ಕೂರಲು ಬಿಟ್ಟು, ಆಮೇಲೆ ಟಾರ್ಕ್ ರೆಂಚಿನಿಂದ ಬಿಗಿದೆ. ಬಿಗಿಯುವ ಸರದಿಯೇ ಇಲ್ಲಿನ ಗುಟ್ಟು. ಪ್ರತಿ ಫ್ರೇಮಿಗೂ ಅದು ಬೇರೆಯಾದ್ದರಿಂದ ನನ್ನದನ್ನು ಬರೆಯುವುದಿಲ್ಲ. ಅಂಕಿ 15ರಿಂದ 10ಕ್ಕೆ ಇಳಿಯಿತು. ಖರ್ಚು ನಲವತ್ತು ರೂಪಾಯಿ.

ಉಳಿದ ಹತ್ತು ಎಂಜಿನ್ನಿನದಲ್ಲ, ಹ್ಯಾಂಡಲಿನದು ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಎಂಜಿನ್ ನಿಲ್ಲಿಸಿ, ಹಿಡಿಕೆಯ ತುದಿಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಸೆನ್ಸರಿನ ದಾಖಲೆ ನೋಡಿದೆ: ತಟ್ಟಿದ ತಂಬೂರಿಯ ತಂತಿಯಂತೆ ಹ್ಯಾಂಡಲ್ 72 ಹರ್ಟ್ಝ್‌ನ ಆಸುಪಾಸಿನಲ್ಲಿ ಮಿಡಿಯುತ್ತಿತ್ತು. ಹೆದ್ದಾರಿಯಲ್ಲಿ ಎಂಜಿನ್ ಕೊಡುವುದು 70. ಎರಡೂ ಹೀಗೆ ಒಂದಕ್ಕೊಂದು ಅಂಟಿಕೊಂಡಿರುವಾಗ ಎಂಜಿನ್ನಿನ ಸಣ್ಣ ನಡುಕವನ್ನೂ ಹ್ಯಾಂಡಲ್ ಹಿಗ್ಗಿಸುತ್ತದೆ, ಆಗ ಎಷ್ಟು ಮೆತ್ತನೆಯ ಹಿಡಿಕೆ ಹಾಕಿದರೂ ಪ್ರಯೋಜನವಿಲ್ಲ. ಇವೆರಡನ್ನೂ ಬೇರ್ಪಡಿಸಲು ಮೂರು ದಾರಿಗಳಿದ್ದವು, ಮೂರನ್ನೂ ನಡೆದು ನೋಡಿದೆ. ಅಡ್ಡಪಟ್ಟಿ ಬೆಸೆದ ಗಟ್ಟಿ ಹ್ಯಾಂಡಲ್ ಹಾಕಿದಾಗ ಅದರ ಮಿಡಿತ 90ರ ಸುಮಾರಿಗೆ ಏರಿತು. 85ರ ವೇಗದಲ್ಲಿ ಸುಖವಾಯಿತು, ಆದರೆ ಓವರ್‌ಟೇಕ್ ಮಾಡಲು ಎಂಜಿನ್ 5,000 ದಾಟಿದೊಡನೆ ಹಳೆಯ ಪೀಡೆ ಅಲ್ಲಿ ಹಾಜರಾಯಿತು. ಚೈನ್ ಎಳೆಯುವ ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್) 15 ಹಲ್ಲಿನದನ್ನು ತೆಗೆದು 16ರದನ್ನು ಹಾಕಿದಾಗ ಅದೇ ವೇಗಕ್ಕೆ ಆರ್‌ಪಿಎಂ ಶೇಕಡಾ ಆರರಷ್ಟು ಇಳಿಯಿತು. ಬಯಲಿನಲ್ಲಿ ಇದು ನನಗೆ ಬಹಳ ಮೆಚ್ಚಿಗೆಯಾಗಿತ್ತು, ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತಿದ್ದುದರಿಂದ ಹಳೆಯದಕ್ಕೇ ಮರಳಿದೆ.

ಮೂರನೆಯ ದಾರಿ ತುದಿಗಳಿಗೆ ತೂಕ ಹಾಕುವುದು. ಅಂಗಡಿಯಲ್ಲಿ ಸಿಗುವ ಬಾರ್ ಎಂಡ್‌ಗಳು ನೂರು ಗ್ರಾಂ ಕೂಡ ತೂಗುವುದಿಲ್ಲ, ಅವು ಅಲಂಕಾರಕ್ಕೆ ಸರಿ. ಭೋಸರಿಯ ಲೇತ್ ಕೆಲಸಗಾರರೊಬ್ಬರ ಬಳಿ 16 ಮಿ.ಮೀ. ವ್ಯಾಸ, 120 ಮಿ.ಮೀ. ಉದ್ದದ ಮೈಲ್ಡ್ ಸ್ಟೀಲ್ ಸರಳು ಮಾಡಿಸಿದೆ; ಅದು ಕೊಳವೆಯೊಳಗೆ ಹೋಗುತ್ತದೆ, ಸುಮಾರು 190 ಗ್ರಾಂ. ಹೊರಗೆ ಕಾಣುವ 38 ಮಿ.ಮೀ. ವ್ಯಾಸದ ತುಂಡು ಇನ್ನೊಂದು 260 ಗ್ರಾಂ. ಹಿತ್ತಾಳೆಯೇ ಬೇಕೆಂದು ಹೇಳುವವರಿದ್ದಾರೆ, ಆದರೆ ಅಷ್ಟೇ ಗಾತ್ರದ ಒಳಸರಳು ಹಿತ್ತಾಳೆಯದಾದರೆ ಹೆಚ್ಚುವ ತೂಕ ಹದಿನೈದು ಗ್ರಾಂ ಮಾತ್ರ, ಬೆಲೆ ಹಲವು ಪಟ್ಟು. ಒಳಸರಳನ್ನು ಕೊಳವೆಗೆ ಬಿಗಿಯಾಗಿ ಕಚ್ಚಿಸದೆ ನೈಟ್ರೈಲ್ ರಬ್ಬರಿನ ಓ ರಿಂಗುಗಳ ಮೇಲೆ ತೇಲಿಸಿದ್ದೇನೆ, ಆಗ ಅದು ತೂಕವಷ್ಟೇ ಆಗಿರದೆ ನಡುಕವನ್ನು ನುಂಗುವ ಕೆಲಸವನ್ನೂ ಮಾಡುತ್ತದೆ. ಎಷ್ಟು ರಿಂಗು, ಎಷ್ಟು ಗಡಸು, ಎಲ್ಲೆಲ್ಲಿ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹ್ಯಾಂಡಲಿನ ಮಿಡಿತ 52ಕ್ಕೆ ಇಳಿಯಿತು, ಎಂದರೆ 3,100 ಆರ್‌ಪಿಎಂ ಬಳಿ. ಊರೊಳಗೆ ಗೇರ್ ಬದಲಿಸುವಾಗ ಒಂದು ಕ್ಷಣ ಅದು ಕೈಗೆ ತಟ್ಟಿ ಹೋಗುತ್ತದೆ. ಹೆದ್ದಾರಿಯ ಅಂಕಿ ಐದಕ್ಕಿಂತ ಕೆಳಗಿದೆ.

ಬಲಗೈಯೇ ಹೆಚ್ಚು ಜೋಮು ಹಿಡಿಯುತ್ತಿದ್ದುದಕ್ಕೆ ಇನ್ನೊಂದು ಕಾರಣ ಥ್ರಾಟಲ್ ಕೇಬಲ್ ಆಗಿತ್ತು. ಒಣಗಿದ ಕೇಬಲ್ ಬದಲಿಸಿದ ಮೇಲೆ ಹಿಡಿತ ಸಡಿಲವಾಯಿತು, ಬೆರಳುಗಳ ಬಿಗುವು ಹೋಯಿತು. ಕಿರುಬೆರಳು, ಉಂಗುರ ಬೆರಳುಗಳೇ ಜೋಮು ಹಿಡಿಯುವವರು ಮಾತ್ರ ಮೊದಲು ಹ್ಯಾಂಡಲಿನ ಎತ್ತರ ನೋಡಬೇಕು, ಏಕೆಂದರೆ ಅಂಗೈಯ ಹೊರಬದಿಯ ಮೇಲೆ ದೇಹದ ಭಾರ ಬಿದ್ದು ಅಲ್ಲಿನ ಅಲ್ನರ್ ನರ ಒತ್ತಿರುತ್ತದೆ. ಸವಾರಿ ಮುಗಿದು ಮರುದಿನವೂ ಜೋಮು ಉಳಿದರೆ ಅಥವಾ ಬೆರಳು ಬಿಳಿಚಿಕೊಂಡರೆ ವೈದ್ಯರಲ್ಲಿಗೆ ಹೋಗಿ.

ಪ್ರಯೋಗಗಳೆಲ್ಲ ಸೇರಿ ಹದಿನಾಲ್ಕು ಸಾವಿರದಷ್ಟು ಹೋಗಿರಬೇಕು. ಗಾಡಿಯಲ್ಲಿ ಈಗ ಉಳಿದಿರುವ ಕೆಲಸದ ಬೆಲೆ ಎರಡು ಸಾವಿರದೊಳಗೆ. ಮಾಡಿಸುವವರು ಎರಡು ಸಂಗತಿ ನೋಡಿಕೊಳ್ಳಿ. ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ತೂಕದ ತುಂಡು ಟ್ಯಾಂಕಿಗೆ ತಾಗಬಾರದು. ಬಲತುದಿಯ ತುಂಡಿಗೂ ಥ್ರಾಟಲ್ ಹಿಡಿಕೆಗೂ ನಡುವೆ ಎರಡು ಮಿಲಿಮೀಟರ್ ಸಂದು ಇರಲೇಬೇಕು, ಕೈಬಿಟ್ಟೊಡನೆ ಥ್ರಾಟಲ್ ತಾನಾಗಿ ಪೂರ್ತಿ ಮುಚ್ಚಬೇಕು. ಮೊದಲ ಐನೂರು ಕಿ.ಮೀ. ಆದ ಮೇಲೆ ಸಂದನ್ನೂ ಬೋಲ್ಟುಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ.