ಕಿತ್ತಳೆ ಪಟ್ಟಿಯ ಮೇಲೆ

ನಾನು ಕುಸ್ತಿ ಕಲಿತದ್ದು ಮುಧೋಳದ ಹತ್ತಿರದ ನಮ್ಮೂರ ಗರಡಿಯ ಕೆಂಪು ಮಣ್ಣಿನಲ್ಲಿ. ಅಲ್ಲಿ ಅಂಚಿಗೆ ಬೆಲೆಯೇ ಇರಲಿಲ್ಲ. ಹಿಡಿದಾಡುತ್ತ ಕಣದ ತುದಿಗೆ ಹೋದರೆ ಪಂಚರು ನಡುವೆ ಕರೆತಂದು ಮತ್ತೆ ಹಿಡಿಸುತ್ತಿದ್ದರು. ಎದುರಾಳಿ ಮೈಮೇಲೆ ಬಂದರೆ ಎರಡು ಹೆಜ್ಜೆ ಹಿಂದೆ ಸರಿದು, ಅವನ ದಮ್ಮು ಕುಂದುವವರೆಗೆ ಕಾಯುವುದೇ ನನ್ನ ಬಲವಾಗಿತ್ತು.

ಪುಣೆಯ ತಾಲೀಮಿಗೆ ಸೇರಿದ ಮೇಲೆ ಅದೇ ಮುಳುವಾಯಿತು. ಮ್ಯಾಟಿನ ವೃತ್ತದ ಅಡ್ಡಳತೆ 9 ಮೀಟರ್. ಅದರ ಅಂಚಿಗೆ ಒಂದು ಮೀಟರ್ ಅಗಲದ ಕಿತ್ತಳೆ ಪಟ್ಟಿ. ಒಂದು ಪಾದ ಪೂರ್ತಿ ಅದರಾಚೆ ಬಿದ್ದರೆ ಎದುರಾಳಿಗೆ ಒಂದು ಅಂಕ. ಸುಮ್ಮನೆ ಕಾಯುತ್ತ ನಿಂತರೂ ರೆಫರಿ ಮೊದಲು ಎಚ್ಚರಿಸಿ, ಆಮೇಲೆ 30 ಸೆಕೆಂಡು ಕೊಡುತ್ತಾರೆ. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಆಗಲೂ ಅಂಕ ಅವನಿಗೇ. ಚಿತ್ ಆಗದೆ, ಬೆನ್ನಿಗೆ ಮಣ್ಣು ಹತ್ತದೆ ಸೋಲುವುದನ್ನು ಒಪ್ಪಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು.

ನನ್ನ ಕೋಣೆಯ ಜೊತೆಗಾರರಿಬ್ಬರು ಅಥಣಿಯವರು. ಸಂಜೆಯ ಸಾಮು ಮುಗಿದ ಮೇಲೆ ಮೂವರೂ ಉಳಿದುಕೊಳ್ಳುತ್ತಿದ್ದೆವು. ನಾನು ಹೊರಕ್ಕೆ ಬೆನ್ನು ಮಾಡಿ ಪಟ್ಟಿಯ ಮೇಲೆ ನಿಲ್ಲಬೇಕು, ಒಬ್ಬ ಎದೆಗೆ ಎದೆ ಕೊಟ್ಟು ನೂಕಬೇಕು. ನೇರ ಎದುರು ನೂಕಿದಾಗಲೆಲ್ಲ ಹೊರಬೀಳುತ್ತಿದ್ದವನು ನಾನೇ. ನಮ್ಮ ವಸ್ತಾದರು ಸೊಲ್ಲಾಪುರದ ಕನ್ನಡಿಗರು. ಒಂದು ದಿನ ನೋಡುತ್ತ ನಿಂತು, ‘ಭಾರಕ್ಕೆ ಭಾರ ಕೊಡಬೇಡ, ಅಂಚಿನ ಗುಂಟ ಸುತ್ತು’ ಎಂದರು. ನೂಕುವವನ ಮೊಣಕೈಯನ್ನು ಮೇಲಕ್ಕೆತ್ತಿ, ಕಾಲನ್ನು ಪಕ್ಕಕ್ಕೆ ಹಾಕಿ, ಆ ತೋಳಿನ ಕೆಳಗೆ ತಲೆ ನುಗ್ಗಿಸಿದರೆ ಅವನ ಭಾರವೇ ಅವನನ್ನು ಮುಂದಕ್ಕೆ ಒಯ್ಯುತ್ತದೆ. ಅಷ್ಟರಲ್ಲಿ ನಾನು ಅವನ ಬೆನ್ನ ಹಿಂದೆ. ದಿನಕ್ಕೆ ಐವತ್ತು ಸಲ, ನಾಲ್ಕು ತಿಂಗಳು ಇದನ್ನೇ ಮಾಡಿದೆ.

2019ರ ಜನವರಿಯಲ್ಲಿ ಖೇಲೋ ಇಂಡಿಯಾ ಯುವ ಕ್ರೀಡಾಕೂಟ ಪುಣೆಯ ಬಾಲೇವಾಡಿಯಲ್ಲೇ ನಡೆಯಿತು. ನಾನು ಕರ್ನಾಟಕದ ಪರ, ಮೊದಲ ಎದುರಾಳಿ ಮಹಾರಾಷ್ಟ್ರದವನು. ಸಭಾಂಗಣವೆಲ್ಲ ಅವನ ಕಡೆ. ಮೂರು ನಿಮಿಷದ ಮೊದಲ ಸುತ್ತಿನಲ್ಲಿ ಅವನು ಒಮ್ಮೆ ನನ್ನನ್ನು ಹೊರಗೆ ನೂಕಿ 1–0 ಮುಂದಾದ. ಎರಡನೇ ಸುತ್ತಿನಲ್ಲಿ ಅವನ ಕೋಚ್ ಮೂಲೆಯಿಂದ ‘ಬಾಹೇರ್ ಕಾಢ್ ತ್ಯಾಲಾ’ ಎಂದು ಕೂಗಿದರು. ಹೊರಗೆ ಹಾಕು ಅವನನ್ನು! ಎರಡು ವರ್ಷ ಪುಣೆಯ ಅನ್ನ ಉಂಡವನಿಗೆ ಅಷ್ಟು ಮರಾಠಿ ತಿಳಿಯದೇ? ನೂಕು ಬರುವ ಮೊದಲೇ ನನ್ನ ಕೈ ಅವನ ಮೊಣಕೈ ಕೆಳಗಿತ್ತು. ಬೆನ್ನ ಹಿಂದೆ ಹೋಗಿ ಕೆಡವಿದೆ, ಎರಡು ಅಂಕ. ಅಷ್ಟು ಗದ್ದಲದ ನಡುವೆಯೂ ‘ನಡುವೆ ಬಾ, ನಡುವೆ ಬಾ’ ಎಂಬ ಅಥಣಿಯ ಎರಡು ದನಿಗಳು ನನಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಕೊನೆಯ ಸೆಕೆಂಡುಗಳಲ್ಲಿ ಅವನು ಮತ್ತೆ ನೂಕಿದ: 2–2. ಅಂಕ ಸಮವಾದಾಗ ಹೆಚ್ಚು ಬೆಲೆಯ ಪಟ್ಟು ಹಾಕಿದವನಿಗೆ ಗೆಲುವು. ಅವನವು ಒಂದೊಂದು ಅಂಕದವು, ನನ್ನದು ಎರಡರದು. ರೆಫರಿ ನನ್ನ ಕೈ ಎತ್ತಿದರು.

ಮುಂದಿನ ಕುಸ್ತಿಯಲ್ಲಿ ಹರಿಯಾಣದ ಹುಡುಗ ಅಂಚಿನ ಸುದ್ದಿಗೇ ಹೋಗಲಿಲ್ಲ. ನಟ್ಟನಡುವೆ ನನ್ನ ಕಾಲಿಗೆ ಇಳಿದು, ಹತ್ತು ಅಂಕಗಳ ಅಂತರ ಮಾಡಿ ಮುಗಿಸಿದ. ಮರುವಾರ ತಾಲೀಮಿನಲ್ಲಿ ಮೂವರೂ ಕಾಲು ಬಿಡಿಸಿಕೊಳ್ಳುವ ಸಾಮು ಶುರುಮಾಡಿದೆವು.